ಹಳೆ ಮೂಲೆ, ಹೊಸ ನಡು: ವಿಂಡೋಸ್ 11 ಮತ್ತು ಲಿನಕ್ಸ್ ಮಿಂಟ್ ಜತೆ ಎರಡು ತಿಂಗಳು

ಹೊಸ ಲ್ಯಾಪ್‌ಟಾಪ್ ತಂದ ಮೊದಲ ದಿನ ಬೆಳಗ್ಗೆ ಹತ್ತರಿಂದ ಊಟದ ಹೊತ್ತಿನವರೆಗೆ ನನ್ನ ಮೌಸ್ ಪರದೆಯ ಎಡಮೂಲೆಗೆ ಎಷ್ಟು ಸಲ ಸುಮ್ಮನೆ ಓಡಿತು ಅಂತ ಕಾಗದದ ಮೇಲೆ ಗೀಟು ಎಳೆದು ಎಣಿಸಿದೆ. 23 ಗೀಟು. ಸ್ಟಾರ್ಟ್ ಬಟನ್ ಅಲ್ಲಿಲ್ಲ, ನಡುವಿಗೆ ಬಂದಿದೆ ಅಂತ ತಲೆಗೆ ಗೊತ್ತು. ಕೈಗೆ ಗೊತ್ತಿಲ್ಲ. ವಿಂಡೋಸ್ 11ರ ಆ ಮೂಲೆಯಲ್ಲಿ ಈಗ ಹವಾಮಾನದ ಪುಟ್ಟ ಚಿತ್ರ ಕೂತಿದೆ. ಮೌಸ್ ಅದರ ಮೇಲೆ ಸುಳಿದರೆ ಸಾಕು, ಸುದ್ದಿ, ಕ್ರಿಕೆಟ್, ಷೇರುಪೇಟೆ ಎಲ್ಲ ಬಿಚ್ಚಿಕೊಂಡು ಪರದೆಯ ಮೇಲೆ ಹರಡುತ್ತದೆ. ಕರಡು ತಿದ್ದಲು ಫೈಲ್ ತೆರೆಯೋಣ ಅಂತ ಹೋದರೆ ಮೈಸೂರಿನಲ್ಲಿ 27 ಡಿಗ್ರಿ ಅನ್ನುವ ಜ್ಞಾನ ಸಿಗುತ್ತದೆ. ಕಿಟಕಿ ತೆರೆದೇ ಇತ್ತು, ಅದು ನನಗೆ ಗೊತ್ತಿತ್ತು.

ಇಷ್ಟಕ್ಕೆಲ್ಲ ಮೂಲ 2025ರ ಅಕ್ಟೋಬರ್ 14. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿದ ದಿನ. 2015ರ ಜುಲೈನಲ್ಲಿ ಬಂದ ಆ ವ್ಯವಸ್ಥೆಯನ್ನು ನಾನು ಎಂಟು ವರ್ಷ ಒಂದೇ ಲ್ಯಾಪ್‌ಟಾಪ್‌ನಲ್ಲಿ ಬಳಸಿದ್ದೇನೆ. 2017ರ ಯಂತ್ರ, ಏಳನೇ ತಲೆಮಾರಿನ ಐ5 ಚಿಪ್, 8 ಜಿಬಿ ರ‍್ಯಾಮ್. ಕೀಬೋರ್ಡ್ ಮೇಲೆ ಮೂರು ಅಕ್ಷರ ಅಳಿಸಿಹೋಗಿವೆ, ಬಿಟ್ಟರೆ ಗಟ್ಟಿಮುಟ್ಟು. ಹಳೆ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ ಮೇಲಂತೂ ಹೊಸ ಜೀವ ಬಂದಿತ್ತು. ಆದರೆ ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಮೇಲಿನ ಚಿಪ್ಪನ್ನೇ ಕೇಳುತ್ತದೆ, ಜತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಜಾತಕವೆಲ್ಲ ಕೂಡಿಬಂದು ಅರ್ಧ ಇಂಚು ಎತ್ತರ ಕಮ್ಮಿಯಾಗಿ ಸಂಬಂಧ ತಪ್ಪಿದ ಹಾಗಾಯಿತು ನನ್ನ ಲ್ಯಾಪ್‌ಟಾಪಿನ ಕತೆ. ತಪಾಸಣೆ ತಪ್ಪಿಸಿ ಹಾಕುವ ಉಪಾಯಗಳಿವೆ, ಅನ್ನ ಕೊಡುವ ಯಂತ್ರದ ಮೇಲೆ ಆ ಸರ್ಕಸ್ಸು ಬೇಡ ಅನ್ನಿಸಿತು. ಮೈಕ್ರೋಸಾಫ್ಟ್ ಖಾತೆ ಜೋಡಿಸಿ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಭದ್ರತಾ ಅಪ್‌ಡೇಟ್ ಪಡೆಯುವ ದಾರಿಯೂ ಇತ್ತು. ಆದರೆ ಒಂದು ವರ್ಷ ಬಿಟ್ಟು ಇದೇ ಗೋಳು.

ರಿಪೇರಿ ಅಂಗಡಿಯವರು "ಇದನ್ನ ಗುಜರಿಗೆ ಹಾಕಿ" ಅಂದರು. ಅದೊಂದು ಮಾತಿಗೆ ಹಟ ಹುಟ್ಟಿತು. ಕೆಲಸಕ್ಕೆ ಹೊಸದೊಂದು ಬೇಕೇಬೇಕಾಗಿತ್ತು, 54,000 ರೂಪಾಯಿ ಕೊಟ್ಟು ತಂದೆ. ಅದರಲ್ಲಿ ವಿಂಡೋಸ್ 11 ಕೂತೇ ಬಂದಿತ್ತು. ಹಳೆಯದಕ್ಕೆ ವಿಂಡೋಸ್ ಬದಲು ಹಾಕುವ ಲಿನಕ್ಸ್ ಮಿಂಟ್ 22.2 ಎಂಬ ಆಪರೇಟಿಂಗ್ ಸಿಸ್ಟಂ ಅನ್ನು ಒಂದು ಪೆನ್ ಡ್ರೈವ್‌ನಲ್ಲಿ ಇಳಿಸಿಕೊಂಡೆ. ಮೂರು ಜಿಬಿಗಿಂತ ಸ್ವಲ್ಪ ಕಡಿಮೆ, ದುಡ್ಡಿಲ್ಲ. ಆಮೇಲೆ ನನಗೆ ನಾನೇ ಹಾಕಿಕೊಂಡ ನಿಯಮ: ಸೋಮವಾರದಿಂದ ಬುಧವಾರ ಒಂದರ ಮೇಲೆ ಕೆಲಸ, ಗುರುವಾರದಿಂದ ಶನಿವಾರ ಇನ್ನೊಂದರ ಮೇಲೆ. ಒಳಗೇ ಇರುವ ಕನ್ನಡ ಕೀಬೋರ್ಡ್ ಆರಿಸುವುದು ಬಿಟ್ಟರೆ ಯಾವುದರ ಸೆಟ್ಟಿಂಗನ್ನೂ ಮೊದಲ ತಿಂಗಳು ಮುಟ್ಟುವ ಹಾಗಿಲ್ಲ. ಅತ್ತೆಮನೆಗೆ ಹೊಸದಾಗಿ ಹೋದವರು ಮೊದಲ ದಿನವೇ ಅಡುಗೆಮನೆಯ ಡಬ್ಬಿಗಳನ್ನು ಆಚೀಚೆ ಮಾಡುವುದಿಲ್ಲವಲ್ಲ, ಹಾಗೆ. ನಿಯಮ ಮೂರು ಸಲ ಮುರಿಯಿತು, ಎಲ್ಲಿ ಅಂತ ಹೇಳುತ್ತೇನೆ.

ಮೂಲೆಯ ವಿಚಾರ

ಮೂಲೆಗೆ ಇಷ್ಟು ಅಳಬೇಕಾ ಅಂತ ಮಗಳು ಕೇಳಿದಳು. ಅಳುವುದಕ್ಕೆ ಶಾಸ್ತ್ರವೇ ಇದೆ. ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ಲೆಕ್ಕ ಹಾಕಿ ತೋರಿಸಿದ: ಗುರಿ ದೊಡ್ಡದಾದಷ್ಟೂ ಹತ್ತಿರವಾದಷ್ಟೂ ಕೈ ಬೇಗ ಮುಟ್ಟುತ್ತದೆ. ಪರದೆಯ ಮೂಲೆ ನೋಡಲು ಚಿಕ್ಕದು, ಮೌಸಿನ ಪಾಲಿಗೆ ದೊಡ್ಡದು. ಎಷ್ಟು ಜೋರಾಗಿ ಎಸೆದರೂ ಬಾಣದ ಗುರುತು ಗೋಡೆಗೆ ತಾಗಿ ಅಲ್ಲೇ ನಿಲ್ಲುತ್ತದೆ, ಕಣ್ಣು ಹಾಯಿಸುವ ಕೆಲಸವಿಲ್ಲ. ನಡುವಿನ ಗುಂಡಿಗೆ ಆ ಗೋಡೆಯ ಆಸರೆ ಕೆಳಗಡೆ ಮಾತ್ರ ಉಂಟು, ಎಡಬಲಕ್ಕೆ ಇಲ್ಲ. ನೋಡಿಯೇ ಒತ್ತಬೇಕು.

ಅದಕ್ಕಿಂತ ತಮಾಷೆ, ಆ ಗುಂಡಿ ಒಂದು ಕಡೆ ನಿಲ್ಲುವುದಿಲ್ಲ. ವಿಂಡೋಸ್ 11ರಲ್ಲಿ ಎಲ್ಲ ಐಕಾನ್‌ಗಳೂ ಒಟ್ಟಾಗಿ ನಡುವಿನಲ್ಲಿ ನಿಲ್ಲುತ್ತವೆ. ಹೊಸದೊಂದು ಪ್ರೋಗ್ರಾಂ ತೆರೆದರೆ ಸಾಲು ಎರಡೂ ಕಡೆ ಉದ್ದವಾಗುತ್ತದೆ, ಸ್ಟಾರ್ಟ್ ಬಟನ್ ಒಂದು ಹೆಜ್ಜೆ ಎಡಕ್ಕೆ ಸರಿಯುತ್ತದೆ. ಮುಚ್ಚಿದರೆ ವಾಪಸ್ ಬರುತ್ತದೆ. ಬೆಳಗ್ಗೆ ಎರಡು ಪ್ರೋಗ್ರಾಂ ತೆರೆದಿದ್ದಾಗ ಒಂದು ಜಾಗ, ಸಂಜೆ ಏಳು ತೆರೆದಿದ್ದಾಗ ಇನ್ನೊಂದು ಜಾಗ. ಬಸ್ಸಿನ ಉದ್ದದ ಸೀಟಿನಲ್ಲಿ ಹೊಸಬರು ಕೂತಾಗಲೆಲ್ಲ ತುದಿಯವರು ಸರಿಯುತ್ತಾರಲ್ಲ, ಹಾಗೆ. ಒಪ್ಪುತ್ತೇನೆ, ಅಗಲ ಪರದೆಯಲ್ಲಿ ನಡುವಿದ್ದರೆ ಕುತ್ತಿಗೆ ತಿರುಗಿಸುವುದು ಕಡಿಮೆ. ನನ್ನದು ಹದಿನೈದು ಇಂಚಿನ ಪರದೆ, ಕುತ್ತಿಗೆ ತಿರುಗಿಸುವಷ್ಟು ಅಗಲವೇ ಇಲ್ಲ.

ಮಿಂಟ್ ತೆರೆದಾಗ ನಗು ಬಂತು. ಮೆನು ಎಡಮೂಲೆಯಲ್ಲಿ, ಗಡಿಯಾರ ಬಲಮೂಲೆಯಲ್ಲಿ, ನಡುವೆ ಉದ್ದ ಪಟ್ಟಿ. ಎರಡು ದಶಕದಿಂದ ನನ್ನ ಕೈ ಬಲ್ಲ ಮನೆ. ಹೆಸರು ಬೇರೆ, ಮಾಡಿದವರು ಬೇರೆ, ಒಳಗಿನ ಯಂತ್ರವೂ ಪೂರ್ತಿ ಬೇರೆ, ಆದರೆ ಚಪ್ಪಲಿ ಬಿಡುವ ಜಾಗ ಅದೇ. ಇನ್ನೊಂದು ಕಡೆ ಅದೇ ಹೆಸರಿನ, ಅದೇ ಕಂಪನಿಯ, ನನ್ನದೇ ಹಳೆ ಮನೆ ಅನ್ನಿಸಿಕೊಂಡಿದ್ದರಲ್ಲಿ ದೀಪದ ಸ್ವಿಚ್ಚಿಗಾಗಿ ಗೋಡೆ ತಡಕಾಡುತ್ತಿದ್ದೆ. ಎರಡು ತಿಂಗಳಲ್ಲಿ ನನಗೆ ಅತಿ ವಿಚಿತ್ರ ಅನ್ನಿಸಿದ್ದು ಇದೇ: ನೆಂಟ ಪರಕೀಯನಾಗಿದ್ದ, ಪರಕೀಯ ನೆಂಟನ ಹಾಗಿದ್ದ.

ಇದು ಕಾಕತಾಳೀಯವೂ ಅಲ್ಲ. ಲಿನಕ್ಸ್ ಲೋಕದಲ್ಲಿ 2011ರಲ್ಲಿ ಗ್ನೋಮ್ 3 ಎಂಬ ಡೆಸ್ಕ್‌ಟಾಪ್ ಬಂದಾಗ ಇದೇ ಗಲಾಟೆ ಆಗಿತ್ತು. ಹಳೆ ಮೆನು, ಕೆಳಗಿನ ಪಟ್ಟಿ ಎಲ್ಲ ತೆಗೆದು ಹೊಸ ವಿನ್ಯಾಸ ಕೊಟ್ಟರು. ಲಿನಕ್ಸಿನ ಜನಕ ಲಿನಸ್ ಟೋರ್ವಾಲ್ಡ್ಸ್ ಕೂಡ ಬಹಿರಂಗವಾಗಿ ಬೈದು ಬೇರೆಯದಕ್ಕೆ ಹೋದರು. ಮಿಂಟ್‌ನವರು ಆ ಹೊಸ ಎಂಜಿನ್ನನ್ನೇ ಇಟ್ಟುಕೊಂಡು ಮೇಲೆ ಹಳೆ ಮುಖ ಕಟ್ಟಿದರು, ಅದೇ ಸಿನಮನ್. ಅಂದರೆ ನನ್ನ ಹಳೆ ಲ್ಯಾಪ್‌ಟಾಪಿನ ಮೇಲೆ ಕೂತಿರುವುದೇ 2011ರ ಒಂದು ಮುನಿಸು. ಮೈಕ್ರೋಸಾಫ್ಟಿಗೂ ಈ ಪಾಠ ಹೊಸತಲ್ಲ. 2012ರಲ್ಲಿ ವಿಂಡೋಸ್ 8 ಸ್ಟಾರ್ಟ್ ಬಟನ್ನನ್ನೇ ನುಂಗಿತ್ತು. ಮರುವರ್ಷ 8.1ರಲ್ಲಿ ಬಟನ್ ವಾಪಸ್ ಬಂತು, 2015ರಲ್ಲಿ ಮೆನುವೂ ಬಂತು. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಬಟನ್ ಉಳಿಯಿತು, ಮೂಲೆ ಹೋಯಿತು.

ಎಡಕ್ಕೆ ಸರಿಸುವ ಸೆಟ್ಟಿಂಗ್ ಇದೆ, ಮಗಳು ಮೂರನೇ ದಿನವೇ ತೋರಿಸಿಕೊಟ್ಟಳು. ನಿಯಮ ನಿಯಮವೇ ಅಂತ ನಾನು ಮುಟ್ಟಲಿಲ್ಲ. ಆದರೆ ಪಟ್ಟಿಯನ್ನು ಪರದೆಯ ಮೇಲ್ತುದಿಗೋ ಬದಿಗೋ ಇಟ್ಟುಕೊಂಡು ರೂಢಿಯಾದವರಿಗೆ ವಿಂಡೋಸ್ 11 ಬಂದಾಗ ಆ ಸೌಲಭ್ಯವೇ ಇರಲಿಲ್ಲ, ನಾನು ಬಳಸಿದ ಆವೃತ್ತಿಯಲ್ಲೂ ಇಲ್ಲ. ಮಿಂಟ್‌ನಲ್ಲಿ ನಾಲ್ಕೂ ಗೋಡೆಗೆ ಅಂಟಿಸಬಹುದು.

ರೈಟ್ ಕ್ಲಿಕ್ ಮಾಡಿದರೆ

ನನ್ನ ಕೆಲಸದಲ್ಲಿ ಫೈಲ್‌ಗಳ ಹೆಸರು ಬದಲಿಸುವುದು, ಜಿಪ್ ಮಾಡುವುದು ದಿನಕ್ಕೆ ಐವತ್ತು ಸಲ. ವಿಂಡೋಸ್ 11ರಲ್ಲಿ ರೈಟ್ ಕ್ಲಿಕ್ ಮಾಡಿದರೆ ಬರುವ ಪಟ್ಟಿಯನ್ನು ಮೊಟಕು ಮಾಡಿದ್ದಾರೆ. ಕಟ್, ಕಾಪಿ, ಹೆಸರು ಬದಲಿಸು, ಅಳಿಸು ಇವೆಲ್ಲ ಪದಗಳಾಗಿ ಇದ್ದವು, ಈಗ ಮೇಲುಗಡೆ ಪುಟ್ಟ ಚಿತ್ರಗಳ ಸಾಲು. ಮೊದಲು ಬರೀ ಚಿತ್ರ ಇತ್ತಂತೆ, ಜನ ಗೊಣಗಿದ ಮೇಲೆ ಕೆಳಗೆ ಹೆಸರು ಅಂಟಿಸಿದರು. ನಾನು ಹಾಕಿಕೊಂಡಿದ್ದ ಹಳೆ ಪ್ರೋಗ್ರಾಂಗಳ ಆಯ್ಕೆಗಳೆಲ್ಲ "ಇನ್ನಷ್ಟು ತೋರಿಸು" ಅನ್ನುವ ಬಾಗಿಲ ಹಿಂದೆ. ಆ ಬಾಗಿಲು ಒತ್ತಿದರೆ ಏನು ಬರುತ್ತದೆ ಗೊತ್ತೆ? ವಿಂಡೋಸ್ 10ರ ಅದೇ ಹಳೆ ಉದ್ದ ಪಟ್ಟಿ, ಅದೇ ಚೌಕ ಅಂಚು. ಹೊಸ ಸುಣ್ಣ ಬಳಿದ ಗೋಡೆಯ ಹಿಂದೆ ಹಳೆ ಕೋಣೆ ಹಾಗೇ ಇದೆ. ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ನೇರ ಅಲ್ಲಿಗೇ ಹೋಗಬಹುದು. ಈ ಒಂದು ಗುಟ್ಟು ತಿಳಿದ ಮೇಲೆ ನನ್ನ ರಕ್ತದೊತ್ತಡ ಇಳಿಯಿತು.

ನಿಜ ಹೇಳಬೇಕೆಂದರೆ ಎರಡೂ ಕಡೆ ನನ್ನನ್ನು ಕಾಪಾಡಿದ್ದು ಕೀಬೋರ್ಡು. ಎಫ್2 ಒತ್ತಿದರೆ ಹೆಸರು ಬದಲಾವಣೆ, ಆಲ್ಟ್ ಟ್ಯಾಬ್ ಒತ್ತಿದರೆ ಕಿಟಕಿ ಬದಲಾವಣೆ, ಕಂಟ್ರೋಲ್ ಸಿ, ಕಂಟ್ರೋಲ್ ವಿ. ಚಿತ್ರ ಯಾರು ಹೇಗೆ ಬದಲಿಸಿದರೂ ಇವನ್ನು ಯಾರೂ ಮುಟ್ಟಿಲ್ಲ. ಒಂದೇ ಒಂದು ಕಡೆ ಎಡವಿದೆ. ಕಾಫಿಗೆ ಏಳುವಾಗ ವಿಂಡೋಸ್ ಕೀ ಜತೆ ಎಲ್ ಒತ್ತಿ ಪರದೆ ಬೀಗ ಹಾಕುವುದು ನನ್ನ ರೂಢಿ. ಮಿಂಟ್‌ನಲ್ಲಿ ಹಾಗೆ ಒತ್ತಿದೆ, ಬೀಗ ಬೀಳಲಿಲ್ಲ, ಪ್ರೋಗ್ರಾಮರುಗಳು ದೋಷ ಹುಡುಕಲು ಬಳಸುವ ಒಂದು ಕಿಟಕಿ ಧುತ್ತೆಂದು ತೆರೆದುಕೊಂಡಿತು. ಏನೋ ಕೆಡಿಸಿಬಿಟ್ಟೆ ಅಂತ ಕಾಫಿ ಆರುವ ತನಕ ಕೂತು ನೋಡಿದೆ. ಏನೂ ಆಗಿರಲಿಲ್ಲ. ಅಲ್ಲಿ ಬೀಗಕ್ಕೆ ಕಂಟ್ರೋಲ್, ಆಲ್ಟ್, ಎಲ್. ನೆಂಟನ ಹಾಗಿದ್ದವನೂ ಪೂರ್ತಿ ನೆಂಟನಲ್ಲ ಅಂತ ಆವತ್ತು ಗೊತ್ತಾಯಿತು.

ಮಿಂಟ್‌ನ ಫೈಲ್ ಕಿಟಕಿಯ ಹೆಸರು ನೀಮೋ. ಅದರಲ್ಲಿ ಎಫ್3 ಒತ್ತಿದರೆ ಒಂದೇ ಕಿಟಕಿ ಎರಡು ಹೋಳಾಗುತ್ತದೆ: ಎಡಕ್ಕೆ ಲೇಖಕರು ಕಳಿಸಿದ ಮೂಲ, ಬಲಕ್ಕೆ ನಾನು ತಿದ್ದಿದ್ದು. ಇದನ್ನು ಯಾರೂ ಹೇಳಿಕೊಡಲಿಲ್ಲ, ತಪ್ಪಿ ಬೆರಳು ಬಿದ್ದು ಸಿಕ್ಕಿತು. ವಿಂಡೋಸ್ 11ರಲ್ಲಿ ಬ್ರೌಸರ್ ಥರ ಟ್ಯಾಬ್ ಬಂದಿವೆ, ಒಳ್ಳೆಯದೇ, ಆದರೆ ಎರಡನ್ನು ಏಕಕಾಲಕ್ಕೆ ನೋಡಲು ಎರಡು ಕಿಟಕಿಯೇ ಬೇಕು.

ಆ ಎರಡು ಕಿಟಕಿ ಜೋಡಿಸುವ ವಿಷಯಕ್ಕೆ ಬಂದರೆ ವಿಂಡೋಸ್ 11 ಮುಂದೆ. ದೊಡ್ಡದು ಮಾಡುವ ಚೌಕದ ಮೇಲೆ ಮೌಸ್ ನಿಲ್ಲಿಸಿದರೆ ಪರದೆಯನ್ನು ಹೇಗೆಲ್ಲ ಪಾಲು ಮಾಡಬಹುದು ಅಂತ ಪುಟ್ಟ ನಕ್ಷೆಗಳು ಬರುತ್ತವೆ. ಇಂಗ್ಲಿಷ್ ಮೂಲ ಒಂದು ಪಾಲು, ಕನ್ನಡ ಅನುವಾದ ಒಂದು ಪಾಲು, ನಿಘಂಟು ಮೂರನೇ ಪಾಲು. ಆ ಗುಂಪನ್ನು ಅದು ನೆನಪಿಟ್ಟುಕೊಳ್ಳುತ್ತದೆ ಕೂಡ. ಫೋನ್ ಬಂದು ಬೇರೆ ಕಿಟಕಿಗೆ ಹೋಗಿ ಮರಳಿದಾಗ ಮೂರೂ ಒಟ್ಟಿಗೆ ಎದ್ದು ಬರುತ್ತವೆ. ಹೊಸ ವಿನ್ಯಾಸದಲ್ಲಿ ನಾನು ಬಾಯ್ತುಂಬ ಹೊಗಳುವುದು ಇದೊಂದನ್ನು. ಮಿಂಟ್‌ನಲ್ಲಿ ಬಾಣದ ಕೀಲಿಯಿಂದ ಅರ್ಧ, ಕಾಲು ಪಾಲು ಮಾಡಬಹುದು, ಈ ನೆನಪಿನ ಶಕ್ತಿ ಇಲ್ಲ.

ಕನ್ನಡದ ಪಾಡು

ಇಲ್ಲಿ ನಾನು ಅಂದುಕೊಂಡಿದ್ದೆಲ್ಲ ತಲೆಕೆಳಗಾಯಿತು.

ನನ್ನ ಬೆರಳುಗಳಿಗೆ ಗೊತ್ತಿರುವುದು ಕಗಪ ಎಂಬ ಕೀಬೋರ್ಡ್ ವಿನ್ಯಾಸ. ಕೆ.ಪಿ. ರಾವ್ ಅವರ ಆಲೋಚನೆಯಿಂದ ಬಂದು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಿಂದ ಹಿಡಿದು ಡಿಟಿಪಿ ಅಂಗಡಿಗಳ ತನಕ ಹಬ್ಬಿದ್ದು. ಒತ್ತಕ್ಷರಕ್ಕೆ ಎಫ್ ಕೀ, ಡ ಬೇಕಾದರೆ ಡಬ್ಲ್ಯೂ. 'ಕನ್ನಡ' ಅನ್ನಲು ಐದು ಕೀ ಸಾಕು. ಇಪ್ಪತ್ತು ವರ್ಷ ಇದರಲ್ಲೇ ಟೈಪಿಸಿ ಈಗ ಯಾವ ಅಕ್ಷರ ಎಲ್ಲಿದೆ ಅಂತ ಕೇಳಿದರೆ ಬಾಯಲ್ಲಿ ಹೇಳಲಾರೆ, ಬೆರಳು ಹೇಳುತ್ತದೆ.

ವಿಂಡೋಸ್ 11ರಲ್ಲಿ ಕನ್ನಡ ಸೇರಿಸಿದರೆ ಎರಡು ಬಗೆ ಸಿಗುತ್ತವೆ. ಒಂದು ಇನ್‌ಸ್ಕ್ರಿಪ್ಟ್, ಭಾರತದ ಭಾಷೆಗಳಿಗೆಲ್ಲ ಸಮಾನವಾಗಿ ಹಾಕಿದ ಜೋಡಣೆ. ಇನ್ನೊಂದು ಫೋನೆಟಿಕ್, 2019ರಲ್ಲಿ ವಿಂಡೋಸ್ 10ಕ್ಕೇ ಸೇರಿಸಿದ್ದು. ಇಂಗ್ಲಿಷಿನಲ್ಲಿ ಉಚ್ಚಾರ ಬರೆದರೆ ಕನ್ನಡ ಪದಗಳನ್ನು ಊಹಿಸಿ ಮುಂದಿಡುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬೆಳೆದ ಮಗಳಿಗೆ ಅದು ಸುಖ. ನನಗೆ ಅದರ ಊಹೆಗಳ ಜತೆ ವಾದ ಮಾಡುವುದೇ ಕೆಲಸವಾಯಿತು. ಕಗಪ ಇಲ್ಲ. ನುಡಿಯನ್ನೋ ಬರಹ ಎಂಬ ತಂತ್ರಾಂಶವನ್ನೋ ಬೇರೆ ತಂದು ಹಾಕಬೇಕು. ಇದು ನಿಯಮ ಮುರಿದ ಮೊದಲ ಸಲ, ಹಾಕಿದೆ. ಬರಹ ಅಂದಾಗ ನೆನಪಾಯಿತು, ಶೇಷಾದ್ರಿವಾಸು 1998ರಲ್ಲಿ ಅದನ್ನು ಕೊಡದೇ ಇದ್ದಿದ್ದರೆ ನನ್ನ ಪೀಳಿಗೆಯ ಎಷ್ಟೋ ಜನ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಇನ್ನೂ ಹತ್ತು ವರ್ಷ ಕಾಯುತ್ತಿದ್ದರು.

ಮಿಂಟ್‌ನಲ್ಲಿ ಕೀಬೋರ್ಡ್ ಸೆಟ್ಟಿಂಗ್ ತೆರೆದು ಕನ್ನಡ ಅಂತ ಹುಡುಕಿದೆ. ಎರಡು ಸಾಲು ಬಂದವು. ಮೊದಲನೆಯದು ಬರೀ ಕನ್ನಡ. ಎರಡನೆಯದು ಕನ್ನಡ, ಪಕ್ಕದಲ್ಲಿ ಕಗಪ! ಎಲ್ಲೋ ಐರ್ಲೆಂಡಿನಲ್ಲಿ ಕೂತು ಒಬ್ಬ ಫ್ರೆಂಚ್ ಮನುಷ್ಯ ಶುರು ಮಾಡಿದ ವ್ಯವಸ್ಥೆಯೊಳಗೆ ನಮ್ಮ ಗಣಕ ಪರಿಷತ್ತಿನ ಹೆಸರು. ಏನೂ ಇಳಿಸಿಕೊಳ್ಳದೆ, ಇಂಟರ್‌ನೆಟ್ ಕೂಡ ಬೇಕಿಲ್ಲದೆ, ಎರಡನೇ ನಿಮಿಷದಲ್ಲಿ ನನ್ನ ಬೆರಳು ನನ್ನ ವೇಗದಲ್ಲಿ ಓಡುತ್ತಿತ್ತು. ಯಾರೋ ಪುಣ್ಯಾತ್ಮರು ಸಂಬಳವಿಲ್ಲದೆ ಆ ಪಟ್ಟಿಗೆ ಸೇರಿಸಿರುತ್ತಾರೆ. ಅವರ ಹೊಟ್ಟೆ ತಣ್ಣಗಿರಲಿ.

ಓದುವ ವಿಷಯಕ್ಕೆ ಬಂದರೆ ತಕ್ಕಡಿ ವಿಂಡೋಸ್ ಕಡೆ ತೂಗುತ್ತದೆ. ವಿಂಡೋಸಿನಲ್ಲಿ ಕನ್ನಡಕ್ಕೆ ನಿರ್ಮಲ ಎಂಬ ಫಾಂಟ್, ಎಲ್ಲಿ ನೋಡಿದರೂ ಒಂದೇ ಮುಖ, ಅಂಚು ಚೂಪು. ಎಕ್ಸ್‌ಪಿ ಕಾಲದಿಂದ ನಮ್ಮ ಜತೆಗಿದ್ದ ತುಂಗಾ ಈಗ ತಾನಾಗಿ ಬರುವುದಿಲ್ಲ, ಐಚ್ಛಿಕ ಸೌಲಭ್ಯಗಳ ಪಟ್ಟಿಯಿಂದ ಕನ್ನಡದ ಹೆಚ್ಚುವರಿ ಫಾಂಟ್ ಅಂತ ಹುಡುಕಿ ಹಾಕಿಕೊಳ್ಳಬೇಕು. ಹಳೆ ಫೈಲುಗಳಲ್ಲಿ ತುಂಗಾ ಬಳಸಿದವರು ಗಮನಿಸಿ. ಮಿಂಟ್‌ನಲ್ಲಿ ಒಂದೊಂದು ಪ್ರೋಗ್ರಾಂನಲ್ಲಿ ಕನ್ನಡಕ್ಕೆ ಒಂದೊಂದು ಮುಖ. ಕೆಳಗಿನ ಪಟ್ಟಿಯಲ್ಲಿ 'ರಾಷ್ಟ್ರಕೂಟರು' ಅಂತ ಒಂದು ಫೈಲ್ ತೆರೆದಿದ್ದೆ. ಷ ಕೆಳಗೆ ಟ, ಅದರ ಪಕ್ಕ ರ ಒತ್ತು. ಆ ಒತ್ತುಗಳ ಕಾಲು ಪಟ್ಟಿಯ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿತ್ತು. ಇಂಗ್ಲಿಷ್ ಅಕ್ಷರಕ್ಕೆ ಅಳತೆ ತೆಗೆದು ಹೊಲಿದ ಅಂಗಿಯಲ್ಲಿ ಕನ್ನಡಕ್ಕೆ ಯಾವಾಗಲೂ ತೋಳು ಗಿಡ್ಡ. ಪಟ್ಟಿಯ ಎತ್ತರವನ್ನು 40ರಿಂದ 48 ಪಿಕ್ಸೆಲ್‌ಗೆ ಏರಿಸಿದೆ, ರಾಷ್ಟ್ರಕೂಟರಿಗೆ ಕಾಲು ಬಂತು. ನಿಯಮ ಮುರಿದದ್ದು ಎರಡನೇ ಸಲ. ಆಮೇಲೆ ಸಾಫ್ಟ್‌ವೇರ್ ಕಣಜದಿಂದ ಗುಬ್ಬಿ, ನವಿಲು ಅನ್ನುವ ಫಾಂಟುಗಳನ್ನು ಹಾಕಿಕೊಂಡೆ. ಹೆಸರಿಗಾಗಿಯೇ ಹಾಕಿಕೊಂಡೆ ಅಂದರೂ ತಪ್ಪಿಲ್ಲ.

ಪರದೆಯ ಭಾಷೆಯನ್ನೇ ಕನ್ನಡಕ್ಕೆ ಬದಲಿಸಿ ನೋಡೋಣ ಅಂತಲೂ ಒಂದು ದಿನ ಎರಡರಲ್ಲೂ ಪ್ರಯತ್ನಿಸಿದೆ. ಎರಡರಲ್ಲೂ ಮೊದಲ ಬಾಗಿಲು ಕನ್ನಡ, ಒಳಗೆ ಹೋದಂತೆಲ್ಲ ಇಂಗ್ಲಿಷ್. ಮಿಂಟ್‌ನಲ್ಲಿ ವರ್ಡ್ ಜಾಗದಲ್ಲಿರುವ ಲಿಬ್ರೆಆಫೀಸ್‌ನ ಮೊದಲ ಮೆನು 'ಕಡತ'. ಕಡತ ಅಂದ ಕೂಡಲೇ ನನಗೆ ತಾಲ್ಲೂಕು ಕಚೇರಿಯ ಕೆಂಪು ದಾರ, ದೂಳು ಮತ್ತು "ಸಾಹೇಬರು ಊಟಕ್ಕೆ ಹೋಗಿದಾರೆ" ಅನ್ನುವ ಮಾತು ನೆನಪಾಗುತ್ತದೆ. ನಾವೆಲ್ಲ ಫೈಲು ಅನ್ನುತ್ತೇವೆ. ಸಂಜೆಯೊಳಗೆ ಇಂಗ್ಲಿಷಿಗೇ ಮರಳಿದೆ, ಸ್ವಲ್ಪ ನಾಚಿಕೆಯಿಂದ.

ಇನ್ನು ವರ್ಡ್ ಫೈಲುಗಳು. ಪ್ರಕಾಶಕರು ಕಳಿಸಿದ 212 ಪುಟದ ಕರಡನ್ನು ಲಿಬ್ರೆಆಫೀಸಿನಲ್ಲಿ ತೆರೆದರೆ 219 ಪುಟ ಆಯಿತು. ನಿರ್ಮಲ ಫಾಂಟ್ ಅಲ್ಲಿಲ್ಲ, ಬೇರೆಯದು ಬಂದು ಕೂತು ಸಾಲುಗಳೆಲ್ಲ ಹಿಗ್ಗಿವೆ. ಪುಟಸಂಖ್ಯೆ ಹೇಳಿಯೇ ತಿದ್ದುಪಡಿ ಮಾತಾಡುವವರಿಗೆ ಇದು ದೊಡ್ಡ ತಲೆನೋವು. "146ನೇ ಪುಟದ ಮೂರನೇ ಸಾಲು" ಅಂತ ನಾನು ಹೇಳಿದರೆ ಆ ಕಡೆಯವರಿಗೆ ಅಲ್ಲಿ ಬೇರೇನೋ. ಹಳೆ ನುಡಿ ಫಾಂಟಿನ, ಅಂದರೆ ಎಲ್ಲ ಕಂಪ್ಯೂಟರಿಗೂ ಸಮಾನವಾದ ಯೂನಿಕೋಡ್ ಸಂಕೇತ ಬಳಸದ ಫೈಲುಗಳು ಮಾತ್ರ ಆಶ್ಚರ್ಯ: ಫಾಂಟನ್ನು ಹೋಂ ಫೋಲ್ಡರಿನೊಳಗಿನ ಫಾಂಟುಗಳ ಫೋಲ್ಡರಿಗೆ (.local/share/fonts) ನಕಲಿಸಿದ ಮೇಲೆ ಮಿಂಟ್‌ನಲ್ಲೂ ಸರಾಗ ತೆರೆದವು.

ಅಪ್ಪನ ಪರೀಕ್ಷೆ

ಅಪ್ಪನಿಗೆ 74. ಕಂಪ್ಯೂಟರಿನಲ್ಲಿ ಅವರಿಗೆ ನಾಲ್ಕು ಕೆಲಸ: ಪೇಪರ್ ಓದುವುದು, ಪಿಂಚಣಿ ಬಂತಾ ನೋಡುವುದು, ಅಮೆರಿಕದ ತಮ್ಮನ ಜತೆ ವಿಡಿಯೊ, ಸಾಲಿಟೇರ್. ಎರಡೂ ಯಂತ್ರಗಳನ್ನು ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಏನೂ ಹೇಳದೆ, "ಇಸ್ಪೀಟು ಆಡಿ" ಅಂದೆ.

ವಿಂಡೋಸ್ 11ರಲ್ಲಿ ನಾಲ್ಕು ನಿಮಿಷ. ಎಡಮೂಲೆಗೆ ಹೋದರು, ಸುದ್ದಿ ಬಂತು, ಸುದ್ದಿ ಓದಲು ಕೂತರು. ನೆನಪಿಸಿದ ಮೇಲೆ ಸ್ಟಾರ್ಟ್ ಹುಡುಕಿದರು. ಮೆನು ತೆರೆದು ಐಕಾನ್‌ಗಳ ಸಾಲು ನೋಡಿ, "ಇದು ಫೋನಲ್ವೇನೋ" ಅಂದರು. ಆಟ ಸಿಕ್ಕಿತು, ಆಟಕ್ಕೆ ಮುಂಚೆ ಜಾಹೀರಾತು. ಸುಮ್ಮನೆ ಕೈಕಟ್ಟಿ ಕಾದರು, ಬಸ್‌ಸ್ಟ್ಯಾಂಡಿನಲ್ಲಿ ಕಾಯುವ ಹಾಗೆ.

ಮಿಂಟ್‌ನಲ್ಲಿ ಮೂಲೆ ಒತ್ತಿದರು, ಆಟಗಳು ಅಂತ ಇತ್ತು, ಒತ್ತಿದರು, ಬಂತು. ಅರ್ಧ ನಿಮಿಷವೂ ಇಲ್ಲ. ಇದರಲ್ಲಿ ನನ್ನ ಮೋಸವೂ ಸ್ವಲ್ಪ ಇದೆ ಅನ್ನುವುದನ್ನು ಬಚ್ಚಿಡಬಾರದು: ಮಿಂಟ್ ಜತೆ ಆಟಗಳು ಬರುವುದಿಲ್ಲ, ಹಿಂದಿನ ರಾತ್ರಿ ನಾನೇ ಹಾಕಿಟ್ಟಿದ್ದೆ. ಅದು ಮೂರನೇ ಸಲ. ಜಾಹೀರಾತು ಇಲ್ಲ, ಆದರೆ ಇಸ್ಪೀಟೆಲೆಗಳು ಮಂಕು. ಗೆದ್ದಾಗ ಎಲೆಗಳು ಪರದೆ ತುಂಬ ಜಿಗಿಯುವ ಸಂಭ್ರಮವೂ ಇಲ್ಲ. ಅಪ್ಪನಿಗೆ ಅದು ಬೇಸರ. ಗೆದ್ದದ್ದು ಗೊತ್ತಾಗಬೇಕಲ್ಲ ಅಂದರು.

ನವೆಂಬರಿನಲ್ಲಿ ಇನ್ನೊಂದು ಸಂಗತಿ ಆಯಿತು. ಅಪ್ಪ ಅಂತೂ ನಡುವಿನ ಸ್ಟಾರ್ಟಿಗೆ ಒಗ್ಗಿಕೊಂಡು, ಎಲ್ಲ ಆ್ಯಪ್‌ಗಳನ್ನು ನೋಡಲು ಬಲಮೇಲಿನ ಗುಂಡಿ ಒತ್ತಬೇಕು ಅಂತ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರು. ಒಂದು ಅಪ್‌ಡೇಟ್ ಬಂದು ಸ್ಟಾರ್ಟ್ ಮೆನು ಮತ್ತೆ ಬದಲಾಯಿತು. ಆ ಗುಂಡಿ ಹೋಗಿ, ಎಲ್ಲ ಆ್ಯಪ್‌ಗಳೂ ಅದೇ ಪುಟದಲ್ಲಿ ಕೆಳಗೆ ಜಾರಿಸಿದರೆ ಸಿಗುವಂತಾದವು. ಹೊಸದು ನಿಜವಾಗಿ ಮೇಲು, ಒಂದು ಕ್ಲಿಕ್ ಉಳಿತಾಯ. ಆದರೆ ಚೀಟಿ ವ್ಯರ್ಥವಾಯಿತು. ಅವರು ಅದನ್ನು ಹರಿದು ಹಾಕುವಾಗ ನನ್ನ ಮುಖ ನೋಡಿದ ರೀತಿ, ನಾನೇ ಮೈಕ್ರೋಸಾಫ್ಟಿನ ಮೈಸೂರು ಶಾಖೆ ಅನ್ನುವ ಹಾಗಿತ್ತು.

ಉಳಿದದ್ದು ಬೇಗ ಬೇಗ

ವೇಗ: ಹೋಲಿಸುವುದು ನ್ಯಾಯವಲ್ಲ, ಒಂದು ಹೊಸ ಯಂತ್ರ ಒಂದು ಹಳೆಯದು. ಆದರೂ ಏನೂ ತೆರೆಯದೆ ಸುಮ್ಮನಿದ್ದಾಗ ಮಿಂಟ್ ತಿಂದದ್ದು 1.2 ಜಿಬಿ ರ‍್ಯಾಮ್, ವಿಂಡೋಸ್ 11 ತಿಂದದ್ದು 5 ಜಿಬಿ. ಹೊಸದರಲ್ಲಿ 16 ಜಿಬಿ ಇದೆ, ತಿನ್ನಲಿ ಬಿಡಿ.

ಶುರುವಿನ ಪ್ರಶ್ನೆಗಳು: ವಿಂಡೋಸ್ 11 ಇಂಟರ್‌ನೆಟ್ ಮತ್ತು ಮೈಕ್ರೋಸಾಫ್ಟ್ ಖಾತೆ ಕೇಳಿತು, ಆಮೇಲೆ ನೀವೆಲ್ಲಿದ್ದೀರಿ ಹೇಳಲೇ, ಜಾಹೀರಾತು ನಿಮಗೆ ತಕ್ಕಂತೆ ತೋರಿಸಲೇ ಅಂತ ಸಾಲುಸಾಲು. ಮಿಂಟ್ ಕೇಳಿದ್ದು ಭಾಷೆ, ಕೀಬೋರ್ಡು, ಊರು, ಹೆಸರು. ನಡುವೆ ಒಂದು ಕಡೆ ಮಾತ್ರ "ಡಿಸ್ಕ್ ಅಳಿಸಲೇ" ಅಂದಾಗ ಕೈ ನಡುಗಿತು. ಬ್ಯಾಕಪ್ ಎರಡು ಕಡೆ ಇದೆಯಾ ಅಂತ ಎದ್ದು ಹೋಗಿ ನೋಡಿ ಬಂದು ಒತ್ತಿದೆ. ನೀವು ಹಾಕುವುದಾದರೆ ಮೊದಲು ಪೆನ್ ಡ್ರೈವ್‌ನಿಂದಲೇ ನಡೆಸಿ ನೋಡಿ, ಡಿಸ್ಕ್ ಮುಟ್ಟದೆ ವೈಫೈ, ಸದ್ದು, ಕ್ಯಾಮೆರಾ ಎಲ್ಲ ಪರೀಕ್ಷಿಸಬಹುದು.

ಪ್ರಿಂಟರ್: ಮನೆಯ ವೈಫೈ ಪ್ರಿಂಟರನ್ನು ಮಿಂಟ್ ತಾನೇ ಹುಡುಕಿಕೊಂಡಿತು. ಸೋಲು ಬೇರೆ ಕಡೆ ಇತ್ತು, ಡಿಜಿಟಲ್ ಸಹಿಯ ಡಾಂಗಲ್. ನನ್ನ ಹತ್ತಿರವಿರುವ ಡಾಂಗಲಿಗೆ ಮಾರಿದವರು ಕೊಟ್ಟದ್ದು ವಿಂಡೋಸಿನ ತಂತ್ರಾಂಶ ಮಾತ್ರ. ಎರಡು ಸಂಜೆ ಅದಕ್ಕೆ ಬಲಿಯಾದವು, ಆಮೇಲೆ ಕೈಬಿಟ್ಟೆ.

ಅಪ್‌ಡೇಟ್: ಮಿಂಟ್‌ನಲ್ಲಿ ಮೂಲೆಯಲ್ಲಿ ಒಂದು ಗುರಾಣಿ. ಕೆಂಪು ಚುಕ್ಕೆ ಕಂಡರೆ ನಮಗೆ ಪುರುಸೊತ್ತಾದಾಗ ಒತ್ತಿದರಾಯಿತು. ಜತೆಗೆ ಟೈಮ್‌ಶಿಫ್ಟ್ ಅನ್ನುವುದು ವ್ಯವಸ್ಥೆಯ ಪಡಿಯಚ್ಚು ತೆಗೆದಿಡುತ್ತದೆ, ಕೆಟ್ಟರೆ ನಿನ್ನೆಗೆ ಮರಳಬಹುದು. ವಿಂಡೋಸ್ 11 ತಾನೇ ಇಳಿಸಿಕೊಂಡು, ಮುಚ್ಚುವ ಹೊತ್ತಿಗೆ ಸರಿಯಾಗಿ "ಆಫ್ ಮಾಡಬೇಡಿ" ಅನ್ನುತ್ತದೆ. ಹೊರಗೆ ಆಟೊ ಕಾಯುತ್ತಿರುತ್ತದೆ.

ಈಗ ಮನೆಯಲ್ಲಿ ಎರಡೂ ಇವೆ. ಅನುವಾದದ ಮೊದಲ ಕರಡು ನಾನು ಬರೆಯುವುದು ಹಳೆ ಯಂತ್ರದ ಮಿಂಟ್‌ನಲ್ಲಿ. ಕಗಪ ಇದೆ, ಸುದ್ದಿ ಹಾರಿ ಬರುವುದಿಲ್ಲ, ಮುಂಜಾನೆ ಐದಕ್ಕೆ ತೆರೆದರೂ ಏನನ್ನೂ ಮಾರಲು ನೋಡುವುದಿಲ್ಲ. ಹತ್ತು ಗಂಟೆಯ ನಂತರ ಅದು ಅಪ್ಪನದು. ಪ್ರಕಾಶಕರಿಗೆ ಹೋಗುವ ಕೊನೆಯ ಪ್ರತಿ, ಪುಟಸಂಖ್ಯೆ, ಸಹಿಯ ಕೆಲಸ ವಿಂಡೋಸ್ 11ರಲ್ಲಿ. ನನ್ನಂತೆ ಹಳೆ ಯಂತ್ರ ಇದ್ದು, ಬ್ರೌಸರು ಮತ್ತು ಬರವಣಿಗೆ ಬಿಟ್ಟು ಬೇರೆ ಕೆಲಸ ಇಲ್ಲದವರಿಗೆ ಮಿಂಟ್ ಹಾಕಿಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ಆಡಿಟರು, ಟೆಂಡರು, ಡಾಂಗಲ್ ಇರುವವರಿಗೆ ಹೇಳುವುದಿಲ್ಲ. ಪುಟವಿನ್ಯಾಸದ ಹಳೆ ತಂತ್ರಾಂಶ ಪೇಜ್‌ಮೇಕರ್ ಬಿಡಲಾರದ ಡಿಟಿಪಿ ಗೆಳೆಯರಿಗಂತೂ ಬಾಯಿ ತೆಗೆಯುವುದೇ ಇಲ್ಲ.

ಎರಡನೇ ತಿಂಗಳು ನಿಯಮ ಸಡಿಲಿಸಿದರೂ ಹೊಸದರ ಸ್ಟಾರ್ಟ್ ಬಟನ್ನನ್ನು ಎಡಕ್ಕೆ ಸರಿಸಲಿಲ್ಲ. ಇವತ್ತು ನಾಳೆ ಅಂತ ಮರೆತೆ. ಮೊನ್ನೆ ಒಂದು ಪುಸ್ತಕದ ಮುಖಪುಟ ನೋಡಲು ಪ್ರೆಸ್ಸಿಗೆ ಹೋಗಿದ್ದೆ. ಅಲ್ಲಿನ್ನೂ ವಿಂಡೋಸ್ 7, ಪಕ್ಕದಲ್ಲಿ ಊದುಬತ್ತಿ ಹಚ್ಚಿಟ್ಟ ಸಿಪಿಯು. ಆಪರೇಟರ್ ಚಹಾ ತರಲು ಎದ್ದಾಗ ಅವನ ಕುರ್ಚಿಯಲ್ಲಿ ಕೂತು ಇನ್ನೊಂದು ಫೈಲ್ ತೆರೆಯೋಣ ಅಂತ ಮೌಸ್ ಹಿಡಿದೆ. ಅದು ನೇರ ಕೆಳಗೆ, ಪಟ್ಟಿಯ ನಡುವಿಗೆ ಹೋಗಿ ನಿಂತಿತು. ಅಲ್ಲಿ ಏನೂ ಇರಲಿಲ್ಲ. ಎರಡು ಸಲ ಕ್ಲಿಕ್ ಮಾಡಿದೆ.

"ಅಲ್ಲೇನು ಹುಡುಕ್ತಿದೀರಿ?" ಅಂದ ಆಪರೇಟರ್, ಎರಡು ಲೋಟ ಹಿಡಿದುಕೊಂಡು.